ಜಂತುಹುಳು ಮಾತ್ರೆ ಕೊಟ್ಟರೆ ಹಾಜರಿ ಹೆಚ್ಚುತ್ತದೆಯಾ? ಕೀನ್ಯಾದ ಆ ಅಧ್ಯಯನ ಓದಿದವರು ಹೇಳಿ

ಕರಿಹಲಗೆ

ಫೆಬ್ರವರಿ 10ಕ್ಕೆ ನಮ್ಮ ಶಾಲೆಯಲ್ಲಿ ಜಂತುಹುಳು ಮಾತ್ರೆ ಕೊಟ್ಟೆವು. ಒಂದರಿಂದ ಐದರವರೆಗೆ 43 ಮಕ್ಕಳಿದ್ದಾರೆ. ಅವತ್ತು ಬಂದವರು 31. ಬೇರೆ ದಿನ 38, 39 ಇರುತ್ತಾರೆ. ಮಾತ್ರೆ ದಿನ ಅಂತ ಸುದ್ದಿ ಹೋದರೆ ಸಾಕು, ಕೆಲವು ಮನೆಯವರು ಮಕ್ಕಳನ್ನು ಕಳಿಸುವುದೇ ಇಲ್ಲ. ಹೋದ ವರ್ಷ ಒಬ್ಬ ಹುಡುಗ ಮಾತ್ರೆ ಜಗಿದ ಅರ್ಧ ಗಂಟೆಗೆ ವಾಂತಿ ಮಾಡಿಕೊಂಡಿದ್ದ. ಅದು ಊರಿಡೀ ಹಬ್ಬಿ, ಸಂಜೆ ಹೊತ್ತಿಗೆ ಐದು ಜನ ಆಸ್ಪತ್ರೆಗೆ ಸೇರಿದ್ದಾರೆ ಅನ್ನುವಷ್ಟು ದೊಡ್ಡದಾಗಿತ್ತು.

ಊಟದ ಹೊತ್ತಿನಲ್ಲಿ ಇದೇ ಮಾತು ಬಂತು. ಹೊಸದಾಗಿ ಬಂದ ಮೇಷ್ಟ್ರು, ಆಫ್ರಿಕಾದಲ್ಲಿ ಒಂದು ಅಧ್ಯಯನ ಆಗಿದೆ, ಮಾತ್ರೆ ಕೊಟ್ಟ ಶಾಲೆಗಳಲ್ಲಿ ಹಾಜರಿ ಏರಿದೆ, ಅದನ್ನು ಮಾಡಿದವರಿಗೆ ನೊಬೆಲ್ ಸಿಕ್ಕಿದೆ ಅಂದರು. ಹಿರಿಯ ಮೇಡಂ ಒಬ್ಬರು, ಅದೆಲ್ಲ ಸುಳ್ಳು ಅಂತ ಆಮೇಲೆ ಗೊತ್ತಾಗಿದೆ, ನಾನೂ ಓದಿದ್ದೇನೆ ಅಂದರು. ಇಬ್ಬರೂ ಮೊಬೈಲ್ ತೆಗೆದು ತೋರಿಸಿದರು. ಇಬ್ಬರ ಹತ್ತಿರವೂ ಲೇಖನ ಇತ್ತು!

ನನ್ನ ಶಾಲೆಯಲ್ಲಂತೂ ಮಾತ್ರೆಯಿಂದ ಹಾಜರಿ ಇಳಿದಿದೆ, ಅಷ್ಟು ಗ್ಯಾರಂಟಿ. ತಮಾಷೆ ಬಿಡಿ. ಪೂರ್ತಿ ಓದಿದವರು ಯಾರಾದರೂ ಇದ್ದರೆ ಬಿಡಿಸಿ ಹೇಳಿ. ನಾನು ಬಿ.ಎ., ಡಿ.ಎಡ್. ಓದಿದವನು, ಸ್ಟ್ಯಾಟಿಸ್ಟಿಕ್ಸ್ ಗೊತ್ತಿಲ್ಲ.

ಹುರಿಗಡಲೆ

ನಿಮ್ಮ ಮೇಷ್ಟ್ರು ಹೇಳಿದ್ದೂ ಪೂರ್ತಿ ಸರಿ ಅಲ್ಲ, ಮೇಡಂ ಹೇಳಿದ್ದೂ ಪೂರ್ತಿ ಸರಿ ಅಲ್ಲ. ಎಂ.ಎ.ಯಲ್ಲಿ ನಮಗೆ ಈ ಪ್ರಬಂಧ ಪಾಠಕ್ಕೇ ಇತ್ತು. ಸ್ವಲ್ಪ ಉದ್ದ ಆಗುತ್ತದೆ, ಚಹಾ ಇಟ್ಟುಕೊಂಡು ಓದಿ.

ಊರು ಬುಸಿಯಾ. ಪಶ್ಚಿಮ ಕೀನ್ಯಾ, ಉಗಾಂಡ ಗಡಿ, ವಿಕ್ಟೋರಿಯಾ ಸರೋವರದ ಹತ್ತಿರ. ಅಲ್ಲಿ 75 ಪ್ರಾಥಮಿಕ ಶಾಲೆಗಳು, 30,000ಕ್ಕಿಂತ ಜಾಸ್ತಿ ಮಕ್ಕಳು. ಒಂದು ಡಚ್ ಸಂಸ್ಥೆ ಅಲ್ಲಿ ಮಾತ್ರೆ ಹಂಚುವ ಕೆಲಸ ಮಾಡುತ್ತಿತ್ತು. ಒಂದೇ ಸಲ ಎಲ್ಲ ಶಾಲೆಗೂ ಕೊಡುವಷ್ಟು ದುಡ್ಡು, ಜನ ಇರಲಿಲ್ಲ. ಹಾಗಾಗಿ 25ರಂತೆ ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ 1998ರಿಂದ, ಎರಡನೆಯದಕ್ಕೆ 1999ರಿಂದ, ಮೂರನೆಯದಕ್ಕೆ 2001ರಿಂದ ಮಾತ್ರೆ. ಕಾಯುತ್ತಿದ್ದ ಶಾಲೆಗಳೇ ಹೋಲಿಕೆಗೆ ಅಳತೆಗೋಲು ಆದವು. ಮೈಕಲ್ ಕ್ರೇಮರ್ ಮತ್ತು ಎಡ್ವರ್ಡ್ ಮಿಗುಯೆಲ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನು 2004ರಲ್ಲಿ ಎಕನಾಮೆಟ್ರಿಕಾ ಪತ್ರಿಕೆಯಲ್ಲಿ ಪ್ರಕಟಿಸಿದರು.

ಮಾತ್ರೆ ಕೊಟ್ಟ ಶಾಲೆಗಳಲ್ಲಿ ಗೈರುಹಾಜರಿ ಸುಮಾರು ಕಾಲು ಭಾಗ ಇಳಿಯಿತು. ಇದೇ ಎಲ್ಲರೂ ಹೇಳುವ ಮಾತು. ಯಾರೂ ಹೇಳದ ಮಾತು ಅದೇ ಪ್ರಬಂಧದಲ್ಲೇ ಇದೆ. ಪರೀಕ್ಷೆಯ ಅಂಕದಲ್ಲಿ ಏನೂ ವ್ಯತ್ಯಾಸ ಆಗಲಿಲ್ಲ. ಮಕ್ಕಳು ಜಾಸ್ತಿ ಬಂದರು, ಆದರೆ ಜಾಸ್ತಿ ಕಲಿತ ಲಕ್ಷಣ ಕಾಣಲಿಲ್ಲ.

ನೊಬೆಲ್ ವಿಷಯ. 2019ರಲ್ಲಿ ಕ್ರೇಮರ್, ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮೂವರಿಗೂ ಬಂತು. ಬಡತನದ ಪ್ರಶ್ನೆಗಳನ್ನು ಹೀಗೆ ಪ್ರಯೋಗ ಮಾಡಿ ನೋಡುವ ಇಡೀ ವಿಧಾನಕ್ಕೆ ಬಂದ ಬಹುಮಾನ ಅದು. ಈ ಒಂದು ಮಾತ್ರೆ ಅಧ್ಯಯನಕ್ಕೆ ಅಂತ ಅಲ್ಲ.

ಮೂರನೇ ಬೆಂಚು

ಗುಂಪು ಮಾಡಿದ್ದು ಹೇಗೆ ಅಂತ ಹೇಳಲೇ ಇಲ್ಲವಲ್ಲ ಸ್ವಾಮಿ. ಲಾಟರಿ ಎತ್ತಿದರಾ? ಇಲ್ಲ. ಶಾಲೆಗಳ ಹೆಸರನ್ನು ಪ್ರದೇಶವಾರು ಅಕ್ಷರದ ಸಾಲಿನಲ್ಲಿ ಬರೆದು, ಒಂದು ಎರಡು ಮೂರು, ಒಂದು ಎರಡು ಮೂರು ಅಂತ ಎಣಿಸಿದರು. ಕಬಡ್ಡಿಗೆ ಟೀಮ್ ಮಾಡಿದ ಹಾಗೆ. ಇದಕ್ಕೆ ವಿಜ್ಞಾನ ಅನ್ನುತ್ತಾರೆ.

ಹುರಿಗಡಲೆ

ನಿಜ, ಹಾಗೇ ಮಾಡಿದ್ದು. ಈ ಆಕ್ಷೇಪ ಹಳೆಯದು. ಆದರೆ ಯೋಚನೆ ಮಾಡಿ. ಶಾಲೆಯ ಹೆಸರು ಯಾವ ಅಕ್ಷರದಿಂದ ಶುರುವಾಗುತ್ತದೆ ಅನ್ನುವುದಕ್ಕೂ ಅಲ್ಲಿನ ಮಕ್ಕಳ ಹೊಟ್ಟೆಯ ಹುಳಕ್ಕೂ ಏನು ಸಂಬಂಧ? ಲಾಟರಿಯಷ್ಟು ಶುದ್ಧ ಅಲ್ಲ, ಒಪ್ಪುತ್ತೇನೆ. ಇದಕ್ಕಿಂತ ದೊಡ್ಡ ತಕರಾರು ಬೇರೆ ಇದೆ. ಮಾತ್ರೆ ಯಾರಿಗೆ ಸಿಕ್ಕಿದೆ, ಯಾರಿಗೆ ಇಲ್ಲ ಅಂತ ಮಕ್ಕಳಿಗೂ ಮೇಷ್ಟ್ರಿಗೂ ಗೊತ್ತಿತ್ತು. ಹುಸಿ ಮಾತ್ರೆ ಕೊಟ್ಟು ನೋಡಲಿಲ್ಲ. ಜೊತೆಗೆ ಚಪ್ಪಲಿ ಹಾಕಿ, ಕೈ ತೊಳೆಯಿರಿ ಅನ್ನುವ ಪಾಠವನ್ನೂ ಅದೇ ಶಾಲೆಗಳಲ್ಲಿ ಮಾಡಿದ್ದರು. ಹಾಗಾದರೆ ಹಾಜರಿ ಏರಿಸಿದ್ದು ಮಾತ್ರೆಯೋ, ಪಾಠವೋ, ಯಾರೋ ನಮ್ಮನ್ನು ಗಮನಿಸುತ್ತಿದ್ದಾರೆ ಅನ್ನುವ ಹುರುಪೋ?

ಕೆರೆದಂಡೆ

ನಾನು ಮೂರು ವರ್ಷ ಕೀನ್ಯಾದ ಕಿಸುಮುವಿನಲ್ಲಿ ಕೆಲಸ ಮಾಡಿದ್ದೆ. ಬುಸಿಯಾ ಕಡೆಗೆ ಹಲವು ಸಲ ಹೋಗಿದ್ದೇನೆ. ಅಧ್ಯಯನದ ಬಗ್ಗೆ ಹೇಳುವಷ್ಟು ಓದಿಲ್ಲ. ಜಾಗ ಹೇಗಿದೆ ಅಂತ ಹೇಳಬಲ್ಲೆ.

ಬುಸಿಯಾ ಅಂದರೆ ಗಡಿ ದಾಟುವ ಲಾರಿಗಳ ಊರು. ಬೋಡಾ ಬೋಡಾ ಅನ್ನುವ ಸೈಕಲ್ ಟ್ಯಾಕ್ಸಿ ಹುಟ್ಟಿದ್ದು ಆ ಗಡಿಯಲ್ಲೇ, ಬಾರ್ಡರ್ ಬಾರ್ಡರ್ ಅಂತ ಕೂಗುತ್ತಿದ್ದದ್ದೇ ಬೋಡಾ ಬೋಡಾ ಆಯಿತಂತೆ. ಊರಿನಿಂದ ಸರೋವರದ ಕಡೆ ಇಳಿದರೆ ತಗ್ಗು ಪ್ರದೇಶ, ಮಳೆ ಬಂದರೆ ನೀರು ನಿಲ್ಲುತ್ತದೆ. ಮೀನು ಹಿಡಿಯುವುದು, ಬಟ್ಟೆ ಒಗೆಯುವುದು, ಮಕ್ಕಳು ಈಜುವುದು ಎಲ್ಲ ಅದೇ ನೀರಿನಲ್ಲಿ. ಅಲ್ಲಿನ ಒಂದು ಹುಳು ನಮ್ಮ ಕಡೆಯದಲ್ಲ. ಶಿಸ್ಟೊಸೋಮ ಅಂತ, ನೀರಿನ ಬಸವನಹುಳುವಿನಿಂದ ಹೊರಗೆ ಬಂದು ನೇರ ಚರ್ಮದೊಳಗೆ ಹೊಕ್ಕುತ್ತದೆ. ನೀರಿಗೆ ಇಳಿಯಬೇಡಿ ಅಂತ ನಮಗೆ ಆಫೀಸಿನಲ್ಲಿ ಮೊದಲ ದಿನವೇ ಹೇಳಿದ್ದರು. ದಡದಲ್ಲಿ ಹುಟ್ಟಿದ ಹುಡುಗನಿಗೆ ಹಾಗೆ ಹೇಳಿದರೆ ನಗುತ್ತಾನೆ.

ಇನ್ನೊಂದು ಮಾತು. ಶಾಲೆಯ ಮಕ್ಕಳು ಬೂಟು ಹಾಕುವುದು ಅಪರೂಪವಾಗಿತ್ತು. ಕೆಂಪು ಮಣ್ಣು, ಬರಿಗಾಲು. ನನಗೆ ನಮ್ಮ ತೀರ್ಥಹಳ್ಳಿ ಕಡೆಯ ನನ್ನದೇ ಬಾಲ್ಯ ನೆನಪಾಗುತ್ತಿತ್ತು.

ಸ್ಟೆತಾಸ್ಕೋಪು

ಮೇಲಿನ ಮಾತು ಬಹಳ ಮುಖ್ಯ, ಯಾಕೆ ಅಂತ ಹೇಳುತ್ತೇನೆ. ಬುಸಿಯಾದಲ್ಲಿ ಮೊದಲು ಪರೀಕ್ಷೆ ಮಾಡಿದಾಗ ನೂರರಲ್ಲಿ 90ಕ್ಕೂ ಹೆಚ್ಚು ಮಕ್ಕಳಿಗೆ ಯಾವುದೋ ಒಂದು ಹುಳು ಇತ್ತು. ಅದರ ಮೇಲೆ 1997–98ರ ಎಲ್ ನಿನೊ ಮಳೆ ಬಂದು ಪ್ರವಾಹ ಆಯಿತು, ಸೋಂಕು ಇನ್ನೂ ಜಾಸ್ತಿ ಆಯಿತು. ಅಂಥ ಜಾಗದಲ್ಲಿ ಸಿಕ್ಕ ಫಲವನ್ನು ತಂದು ಎಲ್ಲ ಊರಿಗೂ ಅನ್ವಯಿಸಿದರೆ ಹೇಗೆ?

ನಮ್ಮದೇ ದೇಶದ ಉದಾಹರಣೆ ಯಾಕೆ ಯಾರೂ ಎತ್ತುವುದಿಲ್ಲ? ಉತ್ತರ ಪ್ರದೇಶದಲ್ಲಿ ಡೆವ್ಟಾ ಅಂತ ಒಂದು ಅಧ್ಯಯನ ಆಯಿತು. ಅಂಗನವಾಡಿ ವಯಸ್ಸಿನ ಸುಮಾರು 10 ಲಕ್ಷ ಮಕ್ಕಳು, ಐದು ವರ್ಷ, ಆರು ತಿಂಗಳಿಗೊಮ್ಮೆ ಆಲ್ಬೆಂಡಜೋಲ್, ಅಂದರೆ ಇದೇ ಜಂತುಹುಳು ಮಾತ್ರೆ. 2013ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮಕ್ಕಳ ತೂಕದಲ್ಲಿ, ಸಾವಿನ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬೇರೆ ಬೇರೆ ಅಧ್ಯಯನ ಸೇರಿಸಿ ನೋಡುವ ಕಾಕ್ರೇನ್‌ನವರೂ, ಊರಿಗೆ ಊರೇ ಮಾತ್ರೆ ಕೊಟ್ಟರೆ ಹಾಜರಿ ಏರುತ್ತದೆ, ಬುದ್ಧಿ ಚುರುಕಾಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ ಅಂದರು.

ತಪ್ಪು ತಿಳಿಯಬೇಡಿ. ಹುಳು ಇರುವ ಮಗುವಿಗೆ ಮಾತ್ರೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಕೊಕ್ಕೆಹುಳು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಹಿಮೋಗ್ಲೋಬಿನ್ ತೀರಾ ಇಳಿದಿದ್ದ ಹುಡುಗಿಯರನ್ನು ನಾನೇ ನೋಡಿದ್ದೇನೆ, ಮೆಟ್ಟಿಲು ಹತ್ತಿದರೆ ಏದುಸಿರು. ಆದರೆ ಹುಳು ಇದ್ದವರು, ಇಲ್ಲದವರು ಎಲ್ಲರಿಗೂ ಕೊಟ್ಟು ಸರಾಸರಿ ತೆಗೆದರೆ ಏನು ಸಿಗುತ್ತದೆ ಅನ್ನುವುದು ಬೇರೆ ಪ್ರಶ್ನೆ.

ಗಾಜಿನಪಟ್ಟಿ

ಲ್ಯಾಬ್‌ನಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದವಳು ನಾನು. ಸೋಂಕು ನೂರಕ್ಕೆ ಇಷ್ಟು ಅಂತ ಸುಲಭವಾಗಿ ಹೇಳುತ್ತೀರಲ್ಲ, ಅದನ್ನು ಎಣಿಸುವುದು ಹೇಗೆ ಅಂತ ಗೊತ್ತಾ? ಊಟ ಮಾಡುತ್ತಿದ್ದರೆ ಇದನ್ನು ಆಮೇಲೆ ಓದಿ.

ಮೊದಲ ಕಷ್ಟ, ಮಗು ಡಬ್ಬಿಯಲ್ಲಿ ಮಲ ತರಬೇಕು. ಕೆಲವರು ಖಾಲಿ ತರುತ್ತಾರೆ, ಕೆಲವರು ತಮ್ಮನದ್ದು ತರುತ್ತಾರೆ. ಒಮ್ಮೆ ಒಂದೇ ಮನೆಯ ಮೂರು ಡಬ್ಬಿ, ಮೂರರಲ್ಲೂ ಒಂದೇ! ಆಮೇಲೆ ಕಾಟೋ ಕಾಟ್ಸ್ ಅನ್ನುವ ವಿಧಾನ. ಸಣ್ಣ ಜಾಲರಿಯಲ್ಲಿ ಸೋಸಿ, ತೂತಿರುವ ಪ್ಲಾಸ್ಟಿಕ್ ಅಚ್ಚಿನಲ್ಲಿ ತುಂಬುವುದು. ತೂತಿನಲ್ಲಿ ಹಿಡಿಯುವುದು 41.7 ಮಿಲಿಗ್ರಾಂ. ಅದರ ಮೇಲೆ ಗ್ಲಿಸರಿನ್‌ನಲ್ಲಿ ನೆನೆಸಿದ ಹಸಿರು ಸೆಲೋಫೇನ್ ತುಂಡು ಇಟ್ಟು ಇನ್ನೊಂದು ಗಾಜಿನಿಂದ ಒತ್ತಬೇಕು. ಕಂಡ ಮೊಟ್ಟೆಗಳನ್ನು ಎಣಿಸಿ 24ರಿಂದ ಗುಣಿಸಿದರೆ ಒಂದು ಗ್ರಾಂಗೆ ಎಷ್ಟು ಮೊಟ್ಟೆ ಅಂತ ಲೆಕ್ಕ.

ಇಲ್ಲಿ ಒಂದು ಮೋಸ ಇದೆ. ಕೊಕ್ಕೆಹುಳುವಿನ ಮೊಟ್ಟೆ ಗ್ಲಿಸರಿನ್‌ನಲ್ಲಿ ಬೇಗ ಮಾಯವಾಗುತ್ತದೆ. ಅರ್ಧ ಗಂಟೆ, ಒಂದು ಗಂಟೆಯೊಳಗೆ ನೋಡಬೇಕು. ಕರೆಂಟ್ ಹೋಯಿತು, ಊಟಕ್ಕೆ ಎದ್ದೆ ಅಂದರೆ ಹುಳು ಇದ್ದ ಮಗು ಹುಳು ಇಲ್ಲದ ಮಗು ಆಗುತ್ತದೆ. ದುಂಡುಹುಳುವಿನ ಮೊಟ್ಟೆ ಪಾಪ ಕಾಯುತ್ತದೆ. ದೊಡ್ಡ ದೊಡ್ಡ ಪತ್ರಿಕೆಯ ಕೋಷ್ಟಕ ನೋಡಿದಾಗಲೆಲ್ಲ ನನಗೆ ಆ ಊಟಕ್ಕೆ ಎದ್ದವರ ನೆನಪಾಗುತ್ತದೆ.

ಬೈಕ್ ಮೇಲೆ ಸರ್ವೆ

ಮೇಡಂ, ಹಾಜರಿಯ ಕತೆಯೂ ಅಷ್ಟೇ. ನಾನು ಬೇರೆ ಬೇರೆ ಸಂಸ್ಥೆಗಳಿಗೆ ಶಾಲೆ ಸರ್ವೆ ಮಾಡಿದವನು, ರಾಯಚೂರು, ಯಾದಗಿರಿ, ಕೊಪ್ಪಳ. ಪುಸ್ತಕದ ಹಾಜರಿ ಬೇರೆ, ಬೆಂಚಿನ ಹಾಜರಿ ಬೇರೆ. ಯಾರ ಮೇಲೂ ದೂರು ಅಲ್ಲ. ಬಿಸಿಯೂಟದ ಲೆಕ್ಕ, ಮೇಲಿನವರ ಫೋನು, ಎಲ್ಲ ಸೇರಿ ಅದು ಹಾಗೆ ಆಗುತ್ತದೆ.

ಬುಸಿಯಾದವರು ಮಾಡಿದ್ದರಲ್ಲಿ ನನಗೆ ಇಷ್ಟವಾದದ್ದು ಇದು. ಅವರು ಶಾಲೆಯ ರಿಜಿಸ್ಟರ್ ನಂಬಲಿಲ್ಲ. ಹೇಳದೆ ಕೇಳದೆ ಹೋಗಿ, ತಮ್ಮ ಪಟ್ಟಿಯಲ್ಲಿರುವ ಮಗು ಅಲ್ಲಿ ಕೂತಿದೆಯಾ ಇಲ್ಲವಾ ಅಂತ ಕಣ್ಣಾರೆ ನೋಡಿದರು. ಶಾಲೆ ಬಿಟ್ಟ ಮಗುವನ್ನು ಪಟ್ಟಿಯಿಂದ ಹೊಡೆದು ಹಾಕಲಿಲ್ಲ, ಗೈರು ಅಂತಲೇ ಬರೆದರು. ನಾವು ಏನು ಮಾಡುತ್ತೇವೆ? ಶಾಲೆ ಬಿಟ್ಟವನ ಹೆಸರು ತೆಗೆದು ಹಾಕಿ ಹಾಜರಿ ನೂರಕ್ಕೆ 95 ಅನ್ನುತ್ತೇವೆ.

ಕರಿಹಲಗೆ ಸರ್, ಒಂದು ವಾರ ನೀವೇ ದಿನಕ್ಕೆ ಮೂರು ಸಲ ತಲೆ ಎಣಿಸಿ ನೋಡಿ. ಪ್ರಾರ್ಥನೆ ಹೊತ್ತಿಗೆ, ಊಟದ ಹೊತ್ತಿಗೆ, ಮೂರು ಗಂಟೆಗೆ. ಯಾರಿಗೂ ಹೇಳಬೇಡಿ.

ಮೂರನೇ ಬೆಂಚು

ಸುಳ್ಳು ಅಂತ ಆಮೇಲೆ ಗೊತ್ತಾಯಿತು ಅನ್ನುವ ಕತೆ ಎಲ್ಲಿ? ಅದನ್ನು ಕೇಳೋಕೆ ನಾನು ಇಲ್ಲಿ ಕೂತಿರುವುದು.

ಹುರಿಗಡಲೆ

ಬಂದೆ ಬಂದೆ. ಇಲ್ಲಿಯೇ ಮಜಾ ಇರುವುದು.

ಮೂಲ ಪ್ರಬಂಧದ ದೊಡ್ಡ ಮಾತು ಹಾಜರಿಯೇ ಅಲ್ಲ. ಒಂದು ಶಾಲೆಯ ಮಕ್ಕಳಿಗೆ ಮಾತ್ರೆ ಕೊಟ್ಟರೆ ಪಕ್ಕದ ಶಾಲೆಯವರಿಗೂ ಲಾಭ ಆಗುತ್ತದೆ ಅನ್ನುವುದು. ಹುಳು ಹರಡುವುದು ಬಯಲಲ್ಲಿ ಕೂತ ಮಲದಿಂದ ತಾನೇ. ಒಬ್ಬನ ಹೊಟ್ಟೆ ಚೊಕ್ಕಟವಾದರೆ ದಾರಿಯ ಮಣ್ಣೂ ಅಷ್ಟು ಚೊಕ್ಕಟ. ಹಾಗಿದ್ದರೆ ಮಾತ್ರೆ ತಿನ್ನದವರಿಗೂ ಪುಕ್ಕಟೆ ಲಾಭ. ಒಂದೇ ತರಗತಿಯಲ್ಲಿ ಅರ್ಧ ಜನಕ್ಕೆ ಕೊಟ್ಟು ಇನ್ನರ್ಧ ಜನರ ಜೊತೆ ಹೋಲಿಸುವ ಹಳೆಯ ಅಧ್ಯಯನಗಳು ಅದಕ್ಕೇ ಲಾಭವನ್ನು ಕಡಿಮೆ ತೋರಿಸುತ್ತವೆ ಅನ್ನುವುದು ಇವರ ವಾದ. ಶಾಲೆಗೆ ಶಾಲೆಯನ್ನೇ ಹೋಲಿಸಿದ್ದು ಇದೇ ಕಾರಣಕ್ಕೆ.

ಆಮೇಲೆ ಲಂಡನ್ನಿನ ನೈರ್ಮಲ್ಯ ಮತ್ತು ಉಷ್ಣವಲಯ ವೈದ್ಯಕೀಯ ಶಾಲೆಯವರು ಅದೇ ದತ್ತಾಂಶ ತೆಗೆದುಕೊಂಡು ಲೆಕ್ಕವನ್ನು ಮತ್ತೆ ಮಾಡಿದರು. ಮೂಲ ಲೇಖಕರೇ ದತ್ತಾಂಶ, ಕಂಪ್ಯೂಟರ್ ಕೋಡ್ ಎಲ್ಲ ಕೊಟ್ಟರು. ತಪ್ಪು ಸಿಕ್ಕಿತು. ಹತ್ತಿರದ ಶಾಲೆಗಳನ್ನು ಎಣಿಸುವ ಕೋಡ್, ಹತ್ತಿರದ 12 ಶಾಲೆ ಆದ ಮೇಲೆ ನಿಂತುಬಿಡುತ್ತಿತ್ತು. ಸರಿ ಮಾಡಿ ನೋಡಿದರೆ, 3 ಕಿಲೋಮೀಟರ್ ಒಳಗಿನ ಲಾಭ ಉಳಿಯಿತು. 3ರಿಂದ 6 ಕಿಲೋಮೀಟರ್ ದೂರದ ಲಾಭದ ಲೆಕ್ಕ ಕೈಕೊಟ್ಟಿತು. ರಕ್ತಹೀನತೆ ಕಡಿಮೆ ಆಯಿತು ಅನ್ನುವ ಮಾತೂ ಗಟ್ಟಿಯಾಗಿ ನಿಲ್ಲಲಿಲ್ಲ. ಅದೇ ಶಾಲೆಯ ಮಕ್ಕಳ ಹಾಜರಿಯ ಮಾತು ಮಾತ್ರ ಉಳಿಯಿತು. ಆದರೆ ಲಂಡನ್ನಿನವರು ವರ್ಷವಾರು ಬೇರೆ ಬೇರೆ ಮಾಡಿ ನೋಡಿ, ಹಾಜರಿಯ ಸಾಕ್ಷ್ಯವೂ ಅಷ್ಟು ಬಲವಾಗಿಲ್ಲ ಅಂದರು.

ಇದು 2015ರ ಜುಲೈಯಲ್ಲಿ ಹೊರಗೆ ಬಂತು. ಪತ್ರಿಕೆಗಳು, ಬ್ಲಾಗುಗಳು, ಟ್ವಿಟರ್ ಎಲ್ಲ ಕಡೆ ಜಗಳವೋ ಜಗಳ. ಹುಳುಗಳ ಯುದ್ಧ ಅಂತಲೇ ಹೆಸರಾಯಿತು. ಒಂದು ಕಡೆ ಅರ್ಥಶಾಸ್ತ್ರಜ್ಞರು, ಇನ್ನೊಂದು ಕಡೆ ರೋಗಶಾಸ್ತ್ರದವರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಅರ್ಥ ಆಗದೆ ಕಿರುಚಾಡಿದ್ದೇ ಜಾಸ್ತಿ. ನಿಮ್ಮ ಮೇಡಂ ಓದಿದ್ದು ಆ ಕಾಲದ ಲೇಖನ ಇರಬೇಕು.

ನನ್ನ ಮಟ್ಟಿಗೆ, ತಪ್ಪು ಸಿಕ್ಕಿದ್ದು ಅವರು ಪುಸ್ತಕ ತೆರೆದು ಕೊಟ್ಟಿದ್ದಕ್ಕೆ. ಕೊಡದೇ ಇದ್ದವರ ತಪ್ಪು ನಮಗೆ ಗೊತ್ತೇ ಇಲ್ಲ, ಅಲ್ವಾ?

ಬೇಲಿಹೂ

ನೀವೆಲ್ಲ ಲೆಕ್ಕದಲ್ಲೇ ಮುಳುಗಿದ್ದೀರಿ. ನನಗೆ ಸಿಟ್ಟು ಬರುವುದು ಬೇರೆಯದಕ್ಕೆ. ಮೂರನೇ ಗುಂಪಿನ 25 ಶಾಲೆಯ ಮಕ್ಕಳು 2001ರ ತನಕ ಹುಳು ಇಟ್ಟುಕೊಂಡು ಕಾದರು. ಅವರು ಕಾದಿದ್ದರಿಂದ ಯಾರಿಗೋ ಪ್ರಬಂಧ ಸಿಕ್ಕಿತು. ಅಮೆರಿಕದ ಬರ್ಕ್ಲಿಯಲ್ಲೋ ಹಾರ್ವರ್ಡ್‌ನಲ್ಲೋ ಒಂದು ಶಾಲೆಯ ಮಕ್ಕಳನ್ನು ಹೀಗೆ ಕಾಯಿಸುತ್ತಾರಾ? 13 ದಾಟಿದ ಹುಡುಗಿಯರಿಗಂತೂ ಗರ್ಭಿಣಿ ಆಗಿದ್ದರೆ ಅಪಾಯ ಅನ್ನುವ ಭಯಕ್ಕೆ ಮಾತ್ರೆ ಕೊಡುವ ನಿಯಮವೇ ಇರಲಿಲ್ಲ. ರಕ್ತಹೀನತೆ ಜಾಸ್ತಿ ಇರುವುದು ಯಾರಿಗೆ? ಅವರಿಗೇ.

ಕೆರೆದಂಡೆ

ಒಪ್ಪುತ್ತೇನೆ, ಅರ್ಧ. ಆ ಸಂಸ್ಥೆ ಬರದೇ ಇದ್ದಿದ್ದರೆ 75 ಶಾಲೆಗೂ ಏನೂ ಸಿಗುತ್ತಿರಲಿಲ್ಲ. ಕೀನ್ಯಾ ಸರ್ಕಾರದ ಶಾಲಾ ಮಾತ್ರೆ ಕಾರ್ಯಕ್ರಮ ಶುರುವಾಗಿದ್ದೇ 2009ರಲ್ಲಿ. ಆದರೆ ಅಲ್ಲಿಯವರ ಜೊತೆ ಮಾತಾಡಿದಾಗ ಒಂದು ದಣಿವು ಕಾಣುತ್ತಿತ್ತು. ಸಮವಸ್ತ್ರ, ಪಠ್ಯಪುಸ್ತಕ, ಸೊಳ್ಳೆ ಪರದೆ, ನೀರಿನ ಬುಗ್ಗೆ, ಎಲ್ಲದರ ಮೇಲೂ ಅದೇ ಜಿಲ್ಲೆಯಲ್ಲಿ ಒಂದಲ್ಲ ಒಂದು ಅಧ್ಯಯನ ಆಗಿದೆ. ಒಬ್ಬ ಚಹಾ ಅಂಗಡಿಯವನು ಕೇಳಿದ್ದ, ನೀನೂ ಪ್ರಶ್ನೆ ಕೇಳೋಕೆ ಬಂದವನಾ ಅಂತ. ಇಲ್ಲ, ಮಂದಾಜಿ ತಿನ್ನೋಕೆ ಬಂದೆ ಅಂದೆ.

ಸ್ಟೆತಾಸ್ಕೋಪು

ಬೇಲಿಹೂ ಹೇಳಿದ ಹುಡುಗಿಯರ ವಿಷಯ ಸರಿ. ಈಗ ನಮ್ಮಲ್ಲಿ ಹಾಗಿಲ್ಲ. 1ರಿಂದ 19 ವರ್ಷದ ಹುಡುಗ ಹುಡುಗಿ ಎಲ್ಲರಿಗೂ ಕೊಡುತ್ತಾರೆ. 400 ಮಿಲಿಗ್ರಾಂ, ಎರಡು ವರ್ಷದೊಳಗಿನವರಿಗೆ ಅರ್ಧ ಮಾತ್ರೆ. ಆ ದಿನ ಕಾಯಿಲೆ ಇರುವ ಮಗುವಿಗೆ ಬೇಡ.

ಕರಿಹಲಗೆ, ವಾಂತಿ ವಿಷಯ. ಹುಳು ಜಾಸ್ತಿ ಇದ್ದ ಮಗುವಿಗೆ ಮಾತ್ರೆ ತಿಂದ ಮೇಲೆ ಹೊಟ್ಟೆ ನೋವು, ವಾಕರಿಕೆ ಬರಬಹುದು. ನೆರಳಿನಲ್ಲಿ ಮಲಗಿಸಿ ನೀರು ಕೊಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಇದನ್ನು ಮನೆಯವರಿಗೆ ಮೊದಲೇ ಹೇಳಿಬಿಡಿ. ಆಮೇಲೆ ಹೇಳಿದರೆ ನೆಪ ಅನ್ನಿಸುತ್ತದೆ.

ಹುರಿಗಡಲೆ

ಮನೆಯವರು ಹಿಂದೇಟು ಹಾಕುವುದರ ಬಗ್ಗೆಯೂ ಬುಸಿಯಾದಲ್ಲೇ ಉತ್ತರ ಇದೆ, ಸ್ವಲ್ಪ ಬೇಜಾರಿನ ಉತ್ತರ. 2001ರಲ್ಲಿ ಕೆಲವು ಶಾಲೆಗಳಲ್ಲಿ ಸಣ್ಣ ಶುಲ್ಕ ಇಟ್ಟರು. ಮಾತ್ರೆ ತೆಗೆದುಕೊಳ್ಳುವವರು ನೂರಕ್ಕೆ 80ರಷ್ಟು ಕಡಿಮೆ ಆದರು. ಚಪ್ಪಲಿ, ಕೈತೊಳೆತದ ಪಾಠದಿಂದ ಅಭ್ಯಾಸ ಏನೂ ಬದಲಾಗಲಿಲ್ಲ. ಇನ್ನೂ ವಿಚಿತ್ರ ಏನೆಂದರೆ, ಮೊದಲೇ ಮಾತ್ರೆ ತಿಂದ ಶಾಲೆಗಳಲ್ಲಿ ಪರಿಚಯದವರು ಇದ್ದ ಮನೆಯವರೇ ಆಮೇಲೆ ಕಡಿಮೆ ತೆಗೆದುಕೊಂಡರು. ನೋಡಿ ಕಲಿಯುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಅವರು ಕಲಿತಿದ್ದು ಇಷ್ಟು: ಹೊಟ್ಟೆ ನೋವು ನನ್ನ ಮಗನಿಗೆ, ಲಾಭ ಊರಿಗೆಲ್ಲ.

20 ವರ್ಷ ಆದ ಮೇಲೂ ಆ ಮಕ್ಕಳನ್ನು ಹುಡುಕಿದ್ದಾರೆ. ನೈರೋಬಿಗೆ ಹೋದವರು, ಉಗಾಂಡಕ್ಕೆ ಹೋದವರು, ಎಲ್ಲರ ಬೆನ್ನು ಹತ್ತಿ. 2021ರಲ್ಲಿ ಬಂದ ಲೆಕ್ಕದ ಪ್ರಕಾರ, ಎರಡು ಮೂರು ವರ್ಷ ಮೊದಲೇ ಮಾತ್ರೆ ಸಿಕ್ಕವರ ಗಂಟೆಯ ಸಂಪಾದನೆ 13% ಜಾಸ್ತಿ, ಮನೆ ಖರ್ಚು 14% ಜಾಸ್ತಿ. ನನಗೆ ಇದರಲ್ಲಿ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ. ಅಂಕ ಏರದೆ, ತೂಕ ಅಷ್ಟಾಗಿ ಏರದೆ, ಸಂಬಳ ಹೇಗೆ ಏರಿತು ಅನ್ನುವ ದಾರಿ ಸರಿಯಾಗಿ ಕಾಣುತ್ತಿಲ್ಲ. ಆದರೂ ಒಂದು ಮಾತ್ರೆಯ ಖರ್ಚು ನೋಡಿದರೆ, ಈ ಲೆಕ್ಕದ ಕಾಲು ಭಾಗ ನಿಜವಾದರೂ ಸಾಕು.

ಕರಿಹಲಗೆ

ಎಲ್ಲರಿಗೂ ಥ್ಯಾಂಕ್ಸ್. ಎರಡು ಸಲ ಓದಿದೆ. ಮೇಷ್ಟ್ರು, ಮೇಡಂ ಇಬ್ಬರಿಗೂ ಕಳಿಸಿದೆ. ಇಬ್ಬರೂ ನಾನೇ ಗೆದ್ದೆ ಅನ್ನುತ್ತಿದ್ದಾರೆ.

ಸರ್ವೆ ಸರ್ ಹೇಳಿದ ಹಾಗೆ ಒಂದು ವಾರ ತಲೆ ಎಣಿಸಿದೆ. ಬುಧವಾರದ್ದು ಹೇಳುತ್ತೇನೆ. ರಿಜಿಸ್ಟರ್‌ನಲ್ಲಿ 39. ಪ್ರಾರ್ಥನೆಯಲ್ಲಿ 36. ಊಟಕ್ಕೆ 41, ಯಾಕೆಂದರೆ ಎರಡು ಪುಟ್ಟ ತಮ್ಮಂದಿರು ತಟ್ಟೆ ಹಿಡಿದು ಬಂದಿದ್ದರು. ಮೂರು ಗಂಟೆಗೆ 29. ಇದರಲ್ಲಿ ಹಾಜರಿ ಅಂದರೆ ಯಾವುದು? ನನಗೇ ಗೊತ್ತಾಗಲಿಲ್ಲ. ಇಷ್ಟು ದಿನ ಮೂರು ಗಂಟೆಗೆ ತಿರುಗಿ ನೋಡಿಯೇ ಇರಲಿಲ್ಲ.

17ನೇ ತಾರೀಕು, ಬಿಟ್ಟುಹೋದವರಿಗೆ ಕೊಡುವ ದಿನ, ನಾನೂ ಆಶಾ ಕಾರ್ಯಕರ್ತೆಯೂ ಹಿಂದಿನ ಸಂಜೆಯೇ ಮನೆ ಮನೆಗೆ ಹೋದೆವು. ವಾಕರಿಕೆ ಬರಬಹುದು ಅಂತ ನಾವೇ ಮೊದಲು ಹೇಳಿದೆವು. 12ರಲ್ಲಿ 9 ಮಕ್ಕಳು ಬಂದರು. ಒಬ್ಬ ನಾಲಿಗೆ ಕೆಳಗೆ ಇಟ್ಟುಕೊಂಡು ಹೊರಗೆ ಹೋಗಿ ಉಗಿಯೋಕೆ ನೋಡಿದ. ಕರೆದು ಎದುರಿಗೇ ಜಗಿಸಿದೆ. ಸೀಮೆಸುಣ್ಣದ ಹಾಗಿದೆ ಸಾರ್ ಅಂದ. ಸೀಮೆಸುಣ್ಣ ಯಾವಾಗ ತಿಂದೆಯೋ ಅಂದೆ. ಸುಮ್ಮನಾದ.

ಒಂದು ಮನೆಯಲ್ಲಿ ಅಜ್ಜಿ ಮೊಮ್ಮಗಳನ್ನು ಕಳಿಸಲು ಒಪ್ಪಿದರು. ಆಮೇಲೆ ಬಾಗಿಲಲ್ಲಿ ನಿಲ್ಲಿಸಿ, ದಿನಾ ಬರಿಗಾಲಲ್ಲಿ ಗದ್ದೆಗೆ ಇಳಿಯುವವಳು ನಾನು, ಮಾತ್ರೆ ಅವಳಿಗೆ ಮಾತ್ರ ಯಾಕೆ ಅಂತ ಕೇಳಿದರು. ನನ್ನ ಫಾರಂನಲ್ಲಿ 19 ವರ್ಷದ ಮೇಲೆ ಕಾಲಂ ಇಲ್ಲ. ಅದನ್ನೇ ಹೇಳಿದೆ. ಅಜ್ಜಿ ನಕ್ಕರು.

ಸ್ಟೆತಾಸ್ಕೋಪು

ಅಜ್ಜಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಮಾತ್ರೆ ಅಲ್ಲಿ ಸಿಗುತ್ತದೆ. ಹಿಮೋಗ್ಲೋಬಿನ್ ಕೂಡ ನೋಡಿಸಲಿ.

ಗಾಜಿನಪಟ್ಟಿ

ಡಬ್ಬಿ ತರೋಕೆ ಹೇಳಿ. ಅಜ್ಜಿಯದ್ದೇ ಇರಲಿ.